ಹತ್ತು ರೂಪಾಯಿ ಚೀಟಿಯ ಹಿಂದೆ ಯಾವ ಕಲಂ ಇದೆ, ಆಯುಕ್ತರೇ?

ಗೆ,
ಮಾನ್ಯ ಆಯುಕ್ತರು,
ನಮ್ಮ ನಗರದ ಮಹಾನಗರ ಪಾಲಿಕೆ

ವಿಷಯ: ಮಾರುಕಟ್ಟೆ ರಸ್ತೆಯಲ್ಲಿ ನಡೆಯುತ್ತಿರುವ ವಾಹನ ನಿಲುಗಡೆ ಶುಲ್ಕ ವಸೂಲಿ ಹಾಗೂ ನಮ್ಮ ಬಡಾವಣೆಗೆ ತರಲು ಹೊರಟಿರುವ ನಿವಾಸಿ ಪರವಾನಗಿಗೆ ಕಾನೂನಿನ ಆಧಾರ ತಿಳಿಸುವಂತೆ ಕೋರಿ.

ಮಾನ್ಯರೇ,

ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ತಮಗೆ ಗೊತ್ತಿದೆ. ಓದುವ ಬೇರೆ ಊರಿನವರಿಗೆ ಇದು ತಮ್ಮೂರಿನ ಸಂಗತಿಯೇ ಎನ್ನಿಸಿದರೆ ಅದಕ್ಕೆ ನಾನು ಹೊಣೆಯಲ್ಲ.

ನಾನು 34 ವರ್ಷ ನ್ಯಾಯಾಲಯದ ಕಚೇರಿಯಲ್ಲಿ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದವನು. ವಕೀಲನಲ್ಲ, ಕಾನೂನು ಪದವಿಯೂ ಇಲ್ಲ. ಆದರೆ ಯಾವ ಕಾಗದ ಕೈಗೆ ಬಂದರೂ ಕಲಂ ಯಾವುದು, ಮೊಹರು ಎಲ್ಲಿ, ಸಹಿ ಯಾರದು ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಮನೆಯವಳು ಇದನ್ನು ರೋಗ ಎನ್ನುತ್ತಾಳೆ. ಈ ಪತ್ರ ಹುಟ್ಟಿದ್ದು ಆ ರೋಗದಿಂದಲೇ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಏಳರ ಸುಮಾರಿಗೆ ಹೂವು ತರಲು ಮಾರುಕಟ್ಟೆಗೆ ಹೋಗಿದ್ದೆ. ಆ ದಿನ ಆ ರಸ್ತೆ ಹೇಗಿರುತ್ತದೆಂದು ತಾವು ಒಮ್ಮೆ ನೋಡಬೇಕು. ಬಾಳೆಕಂದು, ಮಾವಿನ ಸೊಪ್ಪು, ತಾವರೆ ಮೊಗ್ಗು, ಎಲ್ಲವೂ ರಸ್ತೆಯ ಮೇಲೆ. ಹಳ್ಳಿಯಿಂದ ಬಂದ ರೈತರೊಬ್ಬರು ತಮ್ಮ ಮೊಪೆಡ್ಡಿನ ಹಿಂದೆ ಮುಂದೆ ಸೇವಂತಿಗೆ ಮೂಟೆ ಹೇರಿಕೊಂಡು ಬಂದು ನಿಲ್ಲಿಸಿದರು. ಕಿತ್ತಳೆ ಜಾಕೆಟ್ಟು ತೊಟ್ಟ ಹುಡುಗನೊಬ್ಬ ಚೀಟಿ ಹರಿದುಕೊಟ್ಟು ಹತ್ತು ರೂಪಾಯಿ ಪಡೆದ. ರೈತರು ಮೂಟೆ ಇಳಿಸಿ ಮಂಡಿಗೆ ಹಾಕಿ, ಊರ ಹೊರಗೆ ಟೆಂಪೋದಲ್ಲಿ ಉಳಿದಿದ್ದ ಇನ್ನೆರಡು ಮೂಟೆ ತರಲು ಹೋದರು. ಇಪ್ಪತ್ತು ನಿಮಿಷ ಬಿಟ್ಟು ಅದೇ ಜಾಗಕ್ಕೆ ಬಂದರು. ಹುಡುಗ ಮತ್ತೆ ಕೈ ನೀಡಿದ.

"ಈಗ ತಾನೇ ಕೊಟ್ಟೆನಲ್ಲಪ್ಪಾ."

"ಅದು ಆಗಿಂದು ಯಜಮಾನ್ರೇ. ಇದು ಈಗಿಂದು."

ರೈತರು ಎರಡನೇ ಚೀಟಿ ಇಸಿದುಕೊಂಡರೇ ಹೊರತು ದುಡ್ಡು ಕೊಡಲಿಲ್ಲ. ಮೂಟೆ ಹೊತ್ತು ಒಳಗೆ ಹೋದರು. ವಾಪಸು ಬರುವಷ್ಟರಲ್ಲಿ ಮುಂದಿನ ಚಕ್ರಕ್ಕೆ ಸರಪಳಿ ಬಿದ್ದಿತ್ತು. ಬೀಗ ತೆಗೆಯಲು 200 ರೂಪಾಯಿ ದಂಡ ಎಂದರು. ಅಷ್ಟರಲ್ಲಿ ಇನ್ನಿಬ್ಬರು ಜಾಕೆಟ್ಟಿನವರು ಬಂದು ನಿಂತಿದ್ದರು. ಯಾವ ಕಾನೂನಿನ ಕೆಳಗೆ ಬೀಗ ಹಾಕಿದಿರಿ ಎಂದು ನಾನು ಕೇಳಿದೆ. "ಟೆಂಡರ್ ಆಗಿದೆ ತಾತ. ಏನಿದ್ರೂ ಆಫೀಸಲ್ಲಿ ಕೇಳ್ಕೊಳ್ಳಿ" ಎಂದ. ಹೂವು ಬಾಡುತ್ತದೆ, ಹಬ್ಬದ ವ್ಯಾಪಾರ ಕಾಯುವುದಿಲ್ಲ. ರೈತರು ಮಾತಿಗಿಳಿದು 150ಕ್ಕೆ ಒಪ್ಪಿಸಿ ಬೀಗ ಬಿಡಿಸಿಕೊಂಡರು. ದಂಡದಲ್ಲೂ ಚೌಕಾಸಿ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಎರಡು ಚೀಟಿಗಳನ್ನು ಅವರಿಂದ ಕೇಳಿ ಪಡೆದೆ. ಮೇಲೆ 'ಪೇ ಅಂಡ್ ಪಾರ್ಕ್' ಎಂದಿದೆ, ಒಂದು ಕಾರಿನ ಚಿತ್ರವಿದೆ. ಪಾಲಿಕೆಯ ಹೆಸರಿಲ್ಲ. ಆದೇಶದ ಸಂಖ್ಯೆ, ದಿನಾಂಕ, ವೇಳೆ ಯಾವುದೂ ಇಲ್ಲ. ಎಷ್ಟು ಹೊತ್ತಿಗೆ ಹತ್ತು ರೂಪಾಯಿ ಎಂಬುದೂ ಇಲ್ಲ. ಕೆಳಗೆ ಮಾತ್ರ ದಪ್ಪಕ್ಷರದಲ್ಲಿ 'ವಾಹನ ಕಳುವಾದರೆ, ಜಖಂ ಆದರೆ ನಾವು ಜವಾಬ್ದಾರರಲ್ಲ' ಎಂದಿದೆ. ಎರಡೂ ಚೀಟಿಯ ಕ್ರಮಸಂಖ್ಯೆ ಒಂದೇ.

ಆಫೀಸಿನಲ್ಲಿ ಕೇಳಲು ಹುಡುಗ ಹೇಳಿದ್ದನಲ್ಲ, ಹೋಗಿ ಕೇಳಿದೆ. ಕಂದಾಯ ಶಾಖೆಯವರು ಎಂಜಿನಿಯರಿಂಗ್ ಶಾಖೆ ಎಂದರು. ಅಲ್ಲಿನವರು ಸಂಚಾರ ಪೊಲೀಸರನ್ನು ತೋರಿಸಿದರು. ಠಾಣೆಯಲ್ಲಿದ್ದ ಸಾಹೇಬರು ಸಜ್ಜನರು, ಕೂರಿಸಿ ಚಹಾ ಕೊಟ್ಟು, "ದುಡ್ಡಿನ ವಿಚಾರ ನಮ್ಮದಲ್ಲ ಸಾರ್, ಪಾಲಿಕೆಯದು" ಎಂದರು. ಕೊನೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ಅಂಥ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ನನ್ನ ಪ್ರಶ್ನೆಗೆ ಅಷ್ಟು ಪದ ಬೇಕಾಗಿರಲಿಲ್ಲ. ಮಾರುಕಟ್ಟೆ ರಸ್ತೆಯಲ್ಲಿ ನಿಲುಗಡೆ ಶುಲ್ಕ ವಸೂಲಿ ಮಾಡಲು ಆಧಾರವಾದ ಅಧಿಸೂಚನೆ ಮತ್ತು ಉಪವಿಧಿಯ, ಅಂದರೆ ಕಾನೂನಿನ ಕೆಳಗೆ ಪಾಲಿಕೆ ಮಾಡಿಕೊಳ್ಳುವ ನಿಯಮದ, ಪ್ರತಿ ಕೊಡಿ, ಅಷ್ಟೇ. ಶುಲ್ಕದ ಹತ್ತು ರೂಪಾಯಿಗೆ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಮೊಪೆಡ್ ನಿಲ್ಲಿಸುವುದಕ್ಕೂ ಹತ್ತು, ಯಾಕೆ ಎಂದು ಕೇಳುವುದಕ್ಕೂ ಹತ್ತು.

ಉತ್ತರ ಬಂತು. ಟೆಂಡರ್ ಪ್ರಕಟಣೆಯ ಪ್ರತಿ ಇತ್ತು, ಗುತ್ತಿಗೆದಾರರಿಗೆ ಕೊಟ್ಟ ಕಾರ್ಯಾದೇಶದ ಪ್ರತಿ ಇತ್ತು. ಉಪವಿಧಿಯ ಮುಂದೆ, 'ಸದರಿ ಮಾಹಿತಿಯು ಈ ಶಾಖೆಯಲ್ಲಿ ಲಭ್ಯವಿರುವುದಿಲ್ಲ.'

ಮಾನ್ಯರೇ, ನನ್ನ ತಕರಾರು ಹತ್ತು ರೂಪಾಯಿಯದಲ್ಲ. ರಸ್ತೆಯ ಮೇಲೆ ವಾಹನ ನಿಲ್ಲಿಸುವುದಕ್ಕೆ ದುಡ್ಡು ಕೇಳುವುದೇ ಅನ್ಯಾಯ ಎನ್ನುವವರ ಪೈಕಿ ನಾನಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ. ವಾಹನ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವುದು ಒಂದು ಅಧಿಕಾರ. ಅದಕ್ಕೆ ದುಡ್ಡು ಕೇಳುವುದು ಇನ್ನೊಂದು. ತಪ್ಪಿದವರಿಗೆ ದಂಡ ಹಾಕುವುದು ಮತ್ತೊಂದು. ಕಾನೂನು ಈ ಮೂರನ್ನೂ ಬೇರೆ ಬೇರೆ ಕೈಗಳಲ್ಲಿ ಇಟ್ಟಿದೆ. ತಮ್ಮ ಕಚೇರಿ ಮೂರನ್ನೂ ಒಂದೇ ಟೆಂಡರಿನಲ್ಲಿ ಗಂಟು ಕಟ್ಟಿ ಜಾಕೆಟ್ಟಿನ ಹುಡುಗನ ಹೆಗಲಿಗೆ ಹಾಕಿದೆ.

ಮೊದಲು ಜಾಗದ ವಿಚಾರ. 1988ರ ಮೋಟಾರು ವಾಹನ ಅಧಿನಿಯಮದ 117ನೇ ಕಲಂ ವಾಹನಗಳು ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದೆಂದು ಗೊತ್ತುಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಕೊಡುತ್ತದೆ. ಹಾಗೆ ಮಾಡುವಾಗ ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಬೇಕು. ಅಂದರೆ ಈ ಕಲಮಿನ ಮಟ್ಟಿಗೆ ಪಾಲಿಕೆ ಸಲಹೆ ಕೊಡುವ ಜಾಗದಲ್ಲಿದೆ. 2019ರ ತಿದ್ದುಪಡಿಯಲ್ಲಿ ಇದಕ್ಕೊಂದು ಮಾತು ಸೇರಿತು: ಜಾಗ ಗುರುತಿಸುವಾಗ ರಸ್ತೆ ಬಳಸುವವರ ಸುರಕ್ಷತೆ ಮತ್ತು ಸುಗಮ ಸಂಚಾರಕ್ಕೆ ಮೊದಲ ಪ್ರಾಶಸ್ತ್ಯ ಕೊಡಬೇಕು. ವರಮಾನಕ್ಕೆ ಎಂದು ಅಲ್ಲಿಲ್ಲ. ಪತ್ರಿಕೆಗಳಲ್ಲಿ ಆಗಾಗ ಬರುವ ಜಿಲ್ಲಾಧಿಕಾರಿಗಳ 'ವಾಹನ ನಿಲುಗಡೆ ನಿಷೇಧಿತ ಪ್ರದೇಶ' ಆದೇಶಗಳನ್ನು ತಾವು ನೋಡಿರುತ್ತೀರಿ. ಅದರಲ್ಲಿ ಕಲಂ 115, 116, 117 ಮತ್ತು 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ ಉಲ್ಲೇಖ ಇದ್ದೇ ಇರುತ್ತದೆ. ರಸ್ತೆಯ ಯಾವ ಬದಿ, ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿಗೆ ಎಂದೂ ಇರುತ್ತದೆ. ಸರ್ಕಾರಿ ಕಾಗದ ಎಂದರೆ ಹಾಗಿರಬೇಕು. ನಮ್ಮ ಮಾರುಕಟ್ಟೆ ರಸ್ತೆಗೆ ಅಂಥದೊಂದು ಆದೇಶ ಇದೆಯೇ? ಇದ್ದರೆ ಗುತ್ತಿಗೆದಾರರು ದುಡ್ಡು ಎತ್ತುತ್ತಿರುವ ಉದ್ದವೂ ಆ ಆದೇಶದ ಉದ್ದವೂ ಒಂದೇ ಇವೆಯೇ? ನಾನು ಕಂಡಂತೆ ಈಗ ಆಸ್ಪತ್ರೆ ಗೇಟಿನ ಪಕ್ಕದಲ್ಲೂ, ಬಸ್ ತಂಗುದಾಣದ ಎದುರಿಗೂ, ಜನ ರಸ್ತೆ ದಾಟಲು ಬಳಿದ ಬಿಳಿ ಪಟ್ಟಿಯ ಮೇಲೂ ಚೀಟಿ ಹರಿಯುತ್ತಿದ್ದಾರೆ. ಈ ಜಾಗಗಳಲ್ಲಿ ವಾಹನ ನಿಲ್ಲಿಸಲೇಬಾರದೆಂದು ಕೇಂದ್ರದ 2017ರ ವಾಹನ ಚಾಲನಾ ವಿನಿಯಮಗಳು ಹೇಳುತ್ತವೆ. ಪಾದಚಾರಿ ಮಾರ್ಗದ ಮೇಲಂತೂ ಸರಿಯೇ ಸರಿ, ಕೂಡದು. ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಲು ದುಡ್ಡು ತೆಗೆದುಕೊಂಡರೆ ಅದನ್ನು ಶುಲ್ಕ ಎನ್ನಬೇಕೋ ಲಂಚ ಎನ್ನಬೇಕೋ ನನಗೆ ತಿಳಿಯದು.

ಫಲಕಗಳ ಬಗ್ಗೆಯೂ ಒಂದು ಮಾತು. 116ನೇ ಕಲಮಿನಂತೆ ಅಧಿಕಾರ ಉಳ್ಳವರು ಬಿಟ್ಟು ಬೇರೆ ಯಾರೂ ರಸ್ತೆಯಲ್ಲಿ ಸಂಚಾರ ಫಲಕ ನೆಡುವಂತಿಲ್ಲ. ಚಿನ್ನದಂಗಡಿಯವರು ಪ್ರಿಂಟು ಹಾಕಿಸಿ ನಿಲ್ಲಿಸಿರುವ 'ನೋ ಪಾರ್ಕಿಂಗ್, ಗಾಳಿ ತೆಗೆಯಲಾಗುವುದು' ಬೋರ್ಡು, ಮನೆಗಳವರು ಇಟ್ಟ ಹೂಕುಂಡ, ಸಿಮೆಂಟು ತುಂಬಿದ ಡಬ್ಬ, ಕಟ್ಟಿದ ಹಗ್ಗ, ಯಾವುದಕ್ಕೂ ಕಾನೂನಿನ ಬೆಲೆ ಇಲ್ಲ. ಗೇಟಿಗೆ ಅಡ್ಡ ನಿಲ್ಲಿಸಬಾರದು ನಿಜ, ಅದು ನಿಯಮದಲ್ಲೇ ಇದೆ. ಗೇಟಿನ ಆಚೆ ಈಚೆ ಇಪ್ಪತ್ತು ಅಡಿ ತಮ್ಮದೆಂದು ಯಾವ ನಿಯಮವೂ ಹೇಳಿಲ್ಲ. ಆದರೂ ನಮ್ಮ ಊರಿನಲ್ಲಿ ಈ ಡಬ್ಬಗಳಿಗೆ ಇರುವ ಮರ್ಯಾದೆ ರಾಜ್ಯಪತ್ರಕ್ಕಿಲ್ಲ.

ಇನ್ನು ದುಡ್ಡು. 117ನೇ ಕಲಮನ್ನು ಎಷ್ಟು ಸಲ ಓದಿದರೂ ಶುಲ್ಕ ಎಂಬ ಪದ ಸಿಗುವುದಿಲ್ಲ. ಜಾಗ ಗೊತ್ತುಮಾಡುವ ಅಧಿಕಾರ ಇದೆ ಎಂದಮಾತ್ರಕ್ಕೆ ವಸೂಲಿ ಮಾಡುವ ಅಧಿಕಾರ ಅದರ ಹಿಂದೆಯೇ ನಡೆದುಬರುವುದಿಲ್ಲ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಬಾರದು, ವಸೂಲಿ ಮಾಡಬಾರದು ಎನ್ನುತ್ತದೆ ಸಂವಿಧಾನದ 265ನೇ ಅನುಚ್ಛೇದ. ಇದು ತೆರಿಗೆಯಲ್ಲ, ಶುಲ್ಕ ಎಂದು ತಮ್ಮ ಕಾನೂನು ಅಧಿಕಾರಿಗಳು ಹೇಳಬಹುದು. ಶುಲ್ಕಕ್ಕೂ ಅದೇ ಮಾತು. ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಜನರಿಂದ ಕಡ್ಡಾಯವಾಗಿ ದುಡ್ಡು ಪಡೆಯುವುದಾದರೆ ಕಾನೂನಿನಲ್ಲಿ ಅದಕ್ಕೆಂದೇ ನೇರವಾದ ಅವಕಾಶ ಇರಬೇಕು. ಆ ಅಧಿಕಾರ ಒಳಗೊಳಗೇ ಅಡಗಿದೆ ಎಂದು ಊಹಿಸಿಕೊಳ್ಳುವ ಹಾಗಿಲ್ಲ.

ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಇಡೀ ದೇಶಕ್ಕೆ ತಿಳಿಸಿದ್ದು ನಮ್ಮ ಉಡುಪಿಯ ಒಂದು ವ್ಯಾಜ್ಯ. 1954ರ ಶಿರೂರು ಮಠದ ಪ್ರಕರಣ. ಆಗ ಉಡುಪಿ ಮದ್ರಾಸು ರಾಜ್ಯದಲ್ಲಿತ್ತು. ಮಠಗಳ ಆದಾಯದಿಂದ ಸರ್ಕಾರ ಪಡೆಯುತ್ತಿದ್ದ ವಂತಿಗೆ ಶುಲ್ಕವಲ್ಲ, ತೆರಿಗೆಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಾರಣ, ಆ ದುಡ್ಡಿಗೂ ಸರ್ಕಾರ ಕೊಡುವ ಸೇವೆಗೂ ಸಂಬಂಧ ಕಾಣಲಿಲ್ಲ. ದುಡ್ಡು ಸರ್ಕಾರದ ಸಾಮಾನ್ಯ ಖಜಾನೆಗೆ ಹೋಗುತ್ತಿತ್ತು. ಆಮೇಲಿನ ತೀರ್ಪುಗಳು ಇದನ್ನು ಸ್ವಲ್ಪ ಸಡಿಲಿಸಿವೆ ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ರೂಪಾಯಿಗೆ ರೂಪಾಯಿ ಲೆಕ್ಕ ಹೊಂದಬೇಕಿಲ್ಲ, ಸ್ಥೂಲವಾದ ಸಂಬಂಧ ಇದ್ದರೆ ಸಾಕು. ನಮ್ಮ ಮಾರುಕಟ್ಟೆ ರಸ್ತೆಯಲ್ಲಿ ಆ ಸ್ಥೂಲ ಸಂಬಂಧವನ್ನಾದರೂ ತೋರಿಸುವಿರಾ? ಗೆರೆ ಎಳೆದಿಲ್ಲ. ದೀಪವಿಲ್ಲ. ಅಂಗವಿಕಲರ ವಾಹನಕ್ಕೆಂದು ಒಂದು ಜಾಗ ಬಿಟ್ಟಿಲ್ಲ. ಕಾವಲೂ ಇಲ್ಲ, 'ನಾವು ಜವಾಬ್ದಾರರಲ್ಲ' ಎಂದು ಮೊದಲೇ ಅಚ್ಚು ಹಾಕಿಸಿ ಕೈತೊಳೆದುಕೊಂಡಿದ್ದಾರೆ. ದೆಹಲಿಯ ಹೋಟೆಲೊಂದರಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ಬಿಟ್ಟಿದ್ದ ಕಾರು ಕಳುವಾದ ಪ್ರಕರಣದಲ್ಲಿ, ಚೀಟಿಯ ಮೇಲೆ ಹೀಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ತಮ್ಮ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ರಸ್ತೆಯಲ್ಲಿ ನಾವು ಕೀಲಿ ಕೊಡುವುದಿಲ್ಲ, ಹಾಗಾಗಿ ಆ ತೀರ್ಪು ನೇರವಾಗಿ ಇಲ್ಲಿಗೆ ಅನ್ವಯಿಸುತ್ತದೆ ಎಂದು ನಾನು ವಾದಿಸುವುದಿಲ್ಲ. ಆದರೆ ಕಾಯುವುದೂ ಇಲ್ಲ, ಗೆರೆಯೂ ಇಲ್ಲ, ದೀಪವೂ ಇಲ್ಲ ಎಂದಮೇಲೆ ಹತ್ತು ರೂಪಾಯಿ ಯಾವುದರ ಬೆಲೆ?

ಪಾಲಿಕೆಗೆ ಅಧಿಕಾರವೇ ಇಲ್ಲ ಎಂಬುದು ನನ್ನ ವಾದವಲ್ಲ. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯ 17ನೇ ಬಾಬ್ತು ಓದಿ: ಬೀದಿ ದೀಪ, ವಾಹನ ನಿಲುಗಡೆ ಸ್ಥಳ, ಬಸ್ ತಂಗುದಾಣ ಮುಂತಾದ ಸಾರ್ವಜನಿಕ ಸೌಕರ್ಯಗಳು. ನಗರಸಭೆ, ಪಾಲಿಕೆಗಳಿಗೆ ವಹಿಸಿಕೊಡಬಹುದಾದ ಕೆಲಸಗಳ ಪಟ್ಟಿ ಅದು. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. 243-ಎಕ್ಸ್ ಅನುಚ್ಛೇದದ ಪ್ರಕಾರ ಸ್ಥಳೀಯ ಸಂಸ್ಥೆ ತೆರಿಗೆ, ಸುಂಕ, ಶುಲ್ಕ ವಸೂಲಿ ಮಾಡಲು ರಾಜ್ಯದ ಶಾಸನಸಭೆ ಕಾನೂನಿನ ಮೂಲಕ ಅಧಿಕಾರ ಕೊಡಬೇಕು. ನಮಗೆ ಆ ಕಾನೂನು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ. ಅದರ ಯಾವ ಕಲಮಿನ ಕೆಳಗೆ ಈ ವಸೂಲಿ ನಡೆದಿದೆ ಎಂದಷ್ಟೇ ನಾನು ಕೇಳುತ್ತಿರುವುದು. ಉಪವಿಧಿ ಮಾಡುವ ದಾರಿ ಅದೇ ಅಧಿನಿಯಮದಲ್ಲಿದೆ: ಕರಡು ಪ್ರಕಟಿಸಬೇಕು, ಆಕ್ಷೇಪಣೆ ಕರೆಯಬೇಕು, ಸರ್ಕಾರದ ಮಂಜೂರಾತಿ ಪಡೆಯಬೇಕು. ಈ ದಾರಿಯಲ್ಲಿ ಒಂದು ಹೆಜ್ಜೆಯನ್ನಾದರೂ ಇಟ್ಟಿದ್ದರೆ ಅದರ ಕಾಗದ ಯಾವುದಾದರೊಂದು ಶಾಖೆಯಲ್ಲಿ 'ಲಭ್ಯವಿರುತ್ತಿತ್ತು'. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೇವೆ. ಇಲ್ಲಿ ದೇವರು ಇನ್ನೂ ಕಣ್ಣೇ ಬಿಟ್ಟಿಲ್ಲ, ಪೂಜಾರಿ ತಟ್ಟೆ ಹಿಡಿದು ನಿಂತಿದ್ದಾನೆ.

ತಮ್ಮ ಶಾಖೆಯ ಗುಮಾಸ್ತರೊಬ್ಬರು ನನಗೆ ಗುಟ್ಟಿನಲ್ಲಿ ಒಂದು ಉತ್ತರ ಕೊಟ್ಟರು. "ಸಾರ್, ಇದು ಶುಲ್ಕ ಅಂತಲ್ಲ, ನೆಲಬಾಡಿಗೆ ಅಂತ. ಸಂತೆ ಸುಂಕ ಹರಾಜು ಹಾಕಲ್ವಾ, ಹಾಗೆ." ಇದನ್ನು ಒಂದು ರಾತ್ರಿ ಯೋಚಿಸಿದೆ, ಏಕೆಂದರೆ ಇದು ಪೂರ್ತಿ ತಳ್ಳಿಹಾಕುವ ಮಾತಲ್ಲ. ಪಾಲಿಕೆಗೆ ಸ್ವಂತ ಆಸ್ತಿ ಇದೆ. ಮಳಿಗೆ ಬಾಡಿಗೆಗೆ ಕೊಡುತ್ತದೆ. ತನ್ನ ಸ್ವಂತ ಜಾಗದಲ್ಲಿ ಪಾರ್ಕಿಂಗ್ ಕಟ್ಟಡ ಕಟ್ಟಿ ಬಾಡಿಗೆ ಪಡೆದರೆ ಯಾರೂ ಮಾತಾಡುವುದಿಲ್ಲ, ಬೇಡವಾದವರು ಒಳಗೆ ಹೋಗದಿದ್ದರಾಯಿತು. ಆದರೆ ಸಾರ್ವಜನಿಕ ರಸ್ತೆ ಪಾಲಿಕೆಯ ಮಳಿಗೆಯಲ್ಲ. ಅದು ಪಾಲಿಕೆಯಲ್ಲಿ ನಿಹಿತವಾಗಿರುವುದು ಜನರ ಓಡಾಟಕ್ಕಾಗಿ, ಒಡೆತನಕ್ಕಲ್ಲ. ಇನ್ನೂ ಒಂದು ತೊಡಕಿದೆ. ಇದು ಬರೀ ಬಾಡಿಗೆ, ಇಬ್ಬರ ನಡುವಿನ ಕರಾರು ಎನ್ನುವುದಾದರೆ ಬಾಡಿಗೆ ಕೊಡದವನ ಮೇಲೆ ದಂಡ ಹಾಕಲು, ಚಕ್ರಕ್ಕೆ ಬೀಗ ಜಡಿಯಲು ಎಲ್ಲಿಂದ ಬಂತು? ಮನೆ ಬಾಡಿಗೆ ಕೊಡದವನ ಮನೆಗೇ ಮಾಲೀಕ ತಾನಾಗಿ ಬೀಗ ಹಾಕುವಂತಿಲ್ಲ. ನಮ್ಮ ಕೋರ್ಟಿನಲ್ಲಿ ಅಂಥ ದಾವೆಗಳು ವರ್ಷಗಟ್ಟಲೆ ನಡೆದದ್ದನ್ನು ನೋಡಿದ್ದೇನೆ. ಬಾಡಿಗೆ ಎಂದರೆ ಬೀಗ ಬಿಡಬೇಕು, ದಂಡ ಎಂದರೆ ಕಲಂ ತೋರಿಸಬೇಕು.

ಬೀಗದ ಬಗ್ಗೆ ಕಾನೂನಿನಲ್ಲಿ ಗೊಂದಲವೇ ಇಲ್ಲ. ಮೋಟಾರು ವಾಹನ ಅಧಿನಿಯಮದ 127ನೇ ಕಲಂ ಹೇಳುವುದಿಷ್ಟು: ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಹೋದ ವಾಹನವನ್ನು, ಇಲ್ಲವೇ ಕಾನೂನಿನಂತೆ ನಿಲುಗಡೆ ನಿಷೇಧವಿರುವ ಜಾಗದಲ್ಲಿ ನಿಂತ ವಾಹನವನ್ನು ಎಳೆದೊಯ್ಯಲು ಅಥವಾ ಚಕ್ರಕ್ಕೆ ಬೀಗ ಹಾಕಲು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ಸಮವಸ್ತ್ರ ಎಂದರೆ ಖಾಕಿ, ಕಿತ್ತಳೆ ಜಾಕೆಟ್ಟಲ್ಲ. ರೈತರ ಮೊಪೆಡ್ ನಿಂತದ್ದು ಪಾಲಿಕೆಯವರೇ ದುಡ್ಡು ಪಡೆದು ನಿಲ್ಲಿಸಲು ಬಿಟ್ಟ ಜಾಗದಲ್ಲಿ. ಹತ್ತು ಗಂಟೆಯಲ್ಲ, ಹತ್ತು ನಿಮಿಷವೂ ಆಗಿರಲಿಲ್ಲ. ದಂಡವೂ ಅಷ್ಟೇ. 177ನೇ ಕಲಮಿನ ಸಾಮಾನ್ಯ ದಂಡ ಮೊದಲ ತಪ್ಪಿಗೆ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1500ರವರೆಗೆ. ಸ್ಥಳದಲ್ಲೇ ರಾಜಿ ಮಾಡಿ ದಂಡ ಪಡೆಯುವ ಅಧಿಕಾರ 200ನೇ ಕಲಮಿನಂತೆ ಸರ್ಕಾರ ಅಧಿಸೂಚಿಸಿದ ಅಧಿಕಾರಿಗಳಿಗೆ ಮಾತ್ರ. 200 ಕೇಳಿ 150ಕ್ಕೆ ಇಳಿಯುವುದು ಈ ಯಾವ ಕಲಮಿನಲ್ಲೂ ಇಲ್ಲ, ಅದು ಹೂವಿನ ಮಂಡಿಯ ಪದ್ಧತಿ. ಬೆಂಗಳೂರಿನಲ್ಲಿ ಟೋಯಿಂಗ್ ಹುಡುಗರ ಮೇಲೆ ಜನರ ಸಿಟ್ಟು ಕಟ್ಟೆಯೊಡೆದು 2022ರ ಆರಂಭದಲ್ಲಿ ಸರ್ಕಾರ ಆ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಅಂಥ ದಿನ ನಮ್ಮ ಊರಿಗೂ ಬರಲಿ ಎಂದು ನಾನು ಬಯಸುವುದಿಲ್ಲ.

ಈಗ ನಮ್ಮ ಬಡಾವಣೆಯ ವಿಚಾರ. ಕಳೆದ ತಿಂಗಳು ಉದ್ಯಾನದ ಗೇಟಿಗೆ ಒಂದು ಸುತ್ತೋಲೆ ಅಂಟಿಸಿ ಹೋಗಿದ್ದಾರೆ. ಮನೆಯ ಮುಂದೆ ರಸ್ತೆಯಲ್ಲಿ ಕಾರು ನಿಲ್ಲಿಸುವ ನಿವಾಸಿಗಳು ವರ್ಷಕ್ಕೆ 1200 ರೂಪಾಯಿ ಕೊಟ್ಟು ಪರವಾನಗಿ ಸ್ಟಿಕ್ಕರ್ ಪಡೆಯಬೇಕಂತೆ, ಇಲ್ಲದಿದ್ದರೆ ಗಂಟೆಗೆ 20. ಸಹಿ ಇದೆ, ಹೆಸರಿಲ್ಲ. ದಿನಾಂಕ ಇದೆ, ಕಲಂ ಇಲ್ಲ. ಅಕ್ಕಪಕ್ಕದವರು ರೇಗಿ ಸಭೆ ಸೇರಿದರು. ನನ್ನನ್ನೂ ಕರೆದರು. 'ನಮ್ಮ ಮನೆ ಮುಂದೆ ನಾವು ನಿಲ್ಲಿಸಲು ಇವರಿಗೇಕೆ ದುಡ್ಡು?' ಎಂಬುದು ಎಲ್ಲರ ಪ್ರಶ್ನೆ.

ಆ ಸಭೆಯಲ್ಲಿ ನಾನು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ. ಮನೆ ನಮ್ಮದು, ಮನೆ ಮುಂದಿನ ರಸ್ತೆ ನಮ್ಮದಲ್ಲ. ನನ್ನ ಮಗನ ಕಾರೂ ಎಂಟು ವರ್ಷದಿಂದ ರಸ್ತೆಯಲ್ಲೇ ಮಲಗುತ್ತಿದೆ, ಬಿಡಿಗಾಸು ಕೊಡದೆ. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಹನ್ನೆರಡು ಚದರ ಮೀಟರಿಗೂ ಮಿಕ್ಕಿತು. ನಮ್ಮ ಬೀದಿ ತಿರುವಿನಲ್ಲಿ ಹೂವು ಮಾರುವ ಅಮ್ಮನ ಬುಟ್ಟಿ ಅದರ ಹತ್ತರಲ್ಲೊಂದು ಪಾಲನ್ನೂ ಹಿಡಿಯುವುದಿಲ್ಲ. ಆದರೆ ಆಕೆಗೆ 2014ರ ಬೀದಿ ಬದಿ ವ್ಯಾಪಾರಿಗಳ ಅಧಿನಿಯಮವಿದೆ, ಪಟ್ಟಣ ಮಾರಾಟ ಸಮಿತಿ ಇದೆ, ಸಮೀಕ್ಷೆ ಇದೆ, ಪ್ರಮಾಣಪತ್ರ ಇದೆ, ಶುಲ್ಕವೂ ಇದೆ. ಬುಟ್ಟಿಗೆ ಇಷ್ಟೆಲ್ಲ ಕಾನೂನು, ಕಾರಿಗೆ ಒಂದು ಸುತ್ತೋಲೆ. ಇದನ್ನು ಕಾರಿನವರೂ ಯೋಚಿಸಬೇಕು, ತಾವೂ ಯೋಚಿಸಬೇಕು.

ಹಾಗಾಗಿ ಪರವಾನಗಿಗೆ ನನ್ನ ವಿರೋಧವಿಲ್ಲ. ಬೆಂಗಳೂರಿಗಾಗಿ ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ನಿಲುಗಡೆ ನೀತಿಯಲ್ಲಿ ಸಣ್ಣ ಕಾರಿಗೆ ವರ್ಷಕ್ಕೆ 1000 ರೂಪಾಯಿಯಿಂದ ದೊಡ್ಡ ಕಾರಿಗೆ 5000ದವರೆಗೆ ಪರವಾನಗಿ ಶುಲ್ಕದ ಪ್ರಸ್ತಾಪ ಇತ್ತು. ವಾಹನದ ಗಾತ್ರ ನೋಡಿ ದರ ಇಡುವ ಆ ಯೋಚನೆ ನನಗೆ ಸರಿಯೆನಿಸುತ್ತದೆ. ದೆಹಲಿ ಸರ್ಕಾರ 2019ರಲ್ಲಿ ನಿಲುಗಡೆ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಪ್ರಕಟಿಸಿತು. ನೀತಿ ಎನ್ನುವುದು ಇಚ್ಛೆ, ನಿಯಮ ಎನ್ನುವುದು ಕಟ್ಟು. ನಮ್ಮ ಊರಿನಲ್ಲಿ ನೀತಿಯೂ ಇಲ್ಲ, ನಿಯಮವೂ ಇಲ್ಲ, ನೇರವಾಗಿ ಸ್ಟಿಕ್ಕರ್ ಬಂದಿದೆ. ಅದರಲ್ಲಿ ಬಾಡಿಗೆದಾರರಿಗೆ ಪರವಾನಗಿ ಸಿಗುತ್ತದೆಯೋ ಇಲ್ಲವೋ ಹೇಳಿಲ್ಲ. ಮನೆಯೊಳಗೆ ಗ್ಯಾರೇಜು ಇದ್ದೂ ಅದರಲ್ಲಿ ಹಳೇ ಸೋಫಾ ತುಂಬಿ ಕಾರನ್ನು ಹೊರಗೆ ಬಿಟ್ಟವರಿಗೂ ಕೊಡುತ್ತೀರಾ? ಸ್ಟಿಕ್ಕರ್ ಪಡೆದವನಿಗೆ ಜಾಗ ಖಾತ್ರಿಯೇ, ಅಥವಾ ಹುಡುಕಿಕೊಳ್ಳುವ ಹಕ್ಕು ಮಾತ್ರವೇ? ಮನೆಗೆ ಬಂದ ನೆಂಟರು, ರೋಗಿಯನ್ನು ನೋಡಲು ಬಂದ ದಾದಿ, ಗ್ಯಾಸ್ ಸಿಲಿಂಡರಿನ ಗಾಡಿ ಎಲ್ಲರೂ ಗಂಟೆಗೆ 20 ಕೊಡಬೇಕೇ? ಆಕ್ಷೇಪಣೆ ಕರೆಯುವುದು ಈ ಪ್ರಶ್ನೆಗಳು ಮೊದಲೇ ಬರಲಿ ಎಂಬುದಕ್ಕೇ.

ಇಲ್ಲಿ ಇನ್ನೊಂದು ಸಂಗತಿ ಹೇಳದೆ ಇರಲಾರೆ. ಮಾರುಕಟ್ಟೆ ರಸ್ತೆ ಕಿಕ್ಕಿರಿಯಲು ಮೊಪೆಡ್ಡಿನ ರೈತರು ಕಾರಣರಲ್ಲ. ಅಲ್ಲಿನ ಮೂರಂತಸ್ತು, ನಾಲ್ಕಂತಸ್ತಿನ ವಾಣಿಜ್ಯ ಕಟ್ಟಡಗಳ ಮಂಜೂರಾದ ನಕ್ಷೆ ತೆಗೆದು ನೋಡಿ. ನೆಲಮಾಳಿಗೆ 'ವಾಹನ ನಿಲುಗಡೆಗೆ' ಎಂದಿರುತ್ತದೆ. ಇಳಿದು ನೋಡಿದರೆ ಬಟ್ಟೆ ಗೋದಾಮು, ಮೊಬೈಲ್ ರಿಪೇರಿ ಅಂಗಡಿ, ಟ್ಯೂಷನ್ ಕ್ಲಾಸು. ಆ ಕಟ್ಟಡಗಳಿಗೆ ನಕ್ಷೆ ಮಂಜೂರು ಮಾಡಿದ್ದೂ ತಮ್ಮ ಕಚೇರಿಯೇ, ಈಗ ಹೊರಗೆ ಉಕ್ಕಿದ ವಾಹನಗಳಿಂದ ದುಡ್ಡು ಎತ್ತಲು ಟೆಂಡರ್ ಕರೆದದ್ದೂ ತಮ್ಮ ಕಚೇರಿಯೇ. ನೆಲಮಾಳಿಗೆ ತೆರೆಸಲು ಹೊಸ ಉಪವಿಧಿ ಬೇಕಿಲ್ಲ, ಇರುವ ಕಾನೂನು ಸಾಕು. ಆದರೆ ಆ ಕೆಲಸಕ್ಕೆ ಯಾರೂ ಟೆಂಡರ್ ಹಾಕುವುದಿಲ್ಲ.

ಪಾಲಿಕೆಯಲ್ಲಿ ಈಗ ಚುನಾಯಿತ ಕೌನ್ಸಿಲ್ ಇಲ್ಲ ಎಂಬುದೂ ನನಗೆ ಗೊತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು 243-ಯು ಅನುಚ್ಛೇದ ಹೇಳುತ್ತದೆ. ಅದು ನಡೆಯದಿರುವುದಕ್ಕೆ ತಾವು ಹೊಣೆಯಲ್ಲ. ಆದರೆ ಕೇಳುವವರು ಇಲ್ಲದ ಹೊತ್ತಿನಲ್ಲಿ ಹೊಸ ವಸೂಲಿ ಶುರುಮಾಡಿದರೆ ಜನ ಏನೆಂದುಕೊಳ್ಳುತ್ತಾರೆ? ವಾರ್ಡಿನ ಸದಸ್ಯರಿದ್ದಿದ್ದರೆ ಸುತ್ತೋಲೆ ಅಂಟಿಸಿದ ಮರುದಿನವೇ ಅವರ ಮನೆ ಮುಂದೆ ಜನ ನಿಲ್ಲುತ್ತಿದ್ದರು. ಈಗ ಉದ್ಯಾನದ ಗೇಟಿನ ಮುಂದೆ ನಿಂತು ಓದಿ ವಾಪಸು ಹೋಗುತ್ತಿದ್ದಾರೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಮಾರುಕಟ್ಟೆ ರಸ್ತೆಯ ವಸೂಲಿಗೆ ಆಧಾರವಾದ ಕಲಂ, ಉಪವಿಧಿ ಮತ್ತು 117ನೇ ಕಲಮಿನ ಆದೇಶ ಇದ್ದರೆ ಅವುಗಳನ್ನು ಪಾಲಿಕೆಯ ಸೂಚನಾ ಫಲಕದಲ್ಲೂ ಆ ರಸ್ತೆಯ ಎರಡು ತುದಿಗಳಲ್ಲೂ ಕನ್ನಡದಲ್ಲಿ ಹಾಕಿಸಿ. ಇಲ್ಲದಿದ್ದರೆ ಅವು ಆಗುವವರೆಗೆ ವಸೂಲಿ ನಿಲ್ಲಿಸಿ. ಚಕ್ರಕ್ಕೆ ಸರಪಳಿ ಹಾಕುವುದನ್ನಂತೂ ಈ ಪತ್ರ ತಲುಪಿದ ದಿನವೇ ನಿಲ್ಲಿಸಬೇಕು. ಅದಕ್ಕೆ ಉಪವಿಧಿ ಮಾಡಿದರೂ ಊರ್ಜಿತವಾಗದು. ಶುಲ್ಕ ಬೇಕೆಂದಾದರೆ ಕರಡು ಉಪವಿಧಿ ಪ್ರಕಟಿಸಿ ಆಕ್ಷೇಪಣೆ ಕರೆಯಿರಿ, ಮೊದಲ ಅರ್ಜಿ ನನ್ನದೇ ಇರುತ್ತದೆ, ಅರ್ಧಕ್ಕರ್ಧ ಬೆಂಬಲದ್ದು. ಅದರಲ್ಲಿ ಸರಕು ಇಳಿಸುವವರಿಗೆ ಮೊದಲ ಅರ್ಧ ಗಂಟೆ ಉಚಿತ ಎಂದಿರಲಿ. ಒಮ್ಮೆ ಪಡೆದ ಚೀಟಿ ನಿಗದಿತ ಗಂಟೆಗಳವರೆಗೆ ಎಷ್ಟು ಸಲ ಹೋಗಿ ಬಂದರೂ ನಡೆಯುವಂತಿರಲಿ. ಚೀಟಿಯ ಮೇಲೆ ಪಾಲಿಕೆಯ ಹೆಸರು, ಉಪವಿಧಿಯ ಸಂಖ್ಯೆ, ವೇಳೆ, ದೂರು ಹೇಳಲು ಒಂದು ಫೋನ್ ನಂಬರು ಇರಲಿ. ಗುತ್ತಿಗೆದಾರರು ಪಾಲಿಕೆಗೆ ಕಟ್ಟಿದ್ದೆಷ್ಟು, ಅದರಲ್ಲಿ ಆ ರಸ್ತೆಗೆ ಖರ್ಚಾದದ್ದೆಷ್ಟು ಎಂಬ ಲೆಕ್ಕ ವರ್ಷಕ್ಕೊಮ್ಮೆ ಹೊರಗೆ ಬರಲಿ. ಮಾಹಿತಿ ಹಕ್ಕು ಅಧಿನಿಯಮದ 4ನೇ ಕಲಂ ಇಂಥವನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಿ ಎನ್ನುತ್ತದೆ. ನಮ್ಮ ಬಡಾವಣೆಯ ಸುತ್ತೋಲೆಯನ್ನು ಸದ್ಯಕ್ಕೆ ಹಿಂಪಡೆಯಿರಿ, ಆಮೇಲೆ ಸರಿಯಾದ ದಾರಿಯಲ್ಲಿ ತನ್ನಿ. ನನ್ನ ಮಗನ ಕಾರಿನ ದುಡ್ಡು ಕಟ್ಟಿಸುವ ಹೊಣೆ ನನ್ನದು.

ಮಾಹಿತಿ ಹಕ್ಕಿನ ಉತ್ತರದ ಮೇಲೆ ಮೊದಲ ಮೇಲ್ಮನವಿಯನ್ನು ಬೇರೆಯಾಗಿ ಸಲ್ಲಿಸಿದ್ದೇನೆ. ಆ ರೈತರು ವಾರಕ್ಕೆ ಮೂರು ದಿನ ಹೂವು ತರುತ್ತಾರೆ. ಅವರ 150 ರೂಪಾಯಿಯನ್ನು ಗುತ್ತಿಗೆದಾರರಿಂದ ವಾಪಸು ಕೊಡಿಸಿದರೆ ತಲುಪಿಸಲು ನಾನು ಸಿದ್ಧ. ಅದಕ್ಕೆ ರಸೀದಿ ಕೊಡುತ್ತೇನೆ, ಸಹಿ ಮತ್ತು ದಿನಾಂಕ ಸಮೇತ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿರಸ್ತೇದಾರ

ಅಡಕ: ಒಂದೇ ಕ್ರಮಸಂಖ್ಯೆಯ ಎರಡು ಚೀಟಿಗಳ ನೆರಳಚ್ಚು, ಉದ್ಯಾನದ ಗೇಟಿನ ಸುತ್ತೋಲೆಯ ಫೋಟೊ, ಮಾಹಿತಿ ಹಕ್ಕಿನ ಉತ್ತರದ ಪ್ರತಿ. ಚೀಟಿಗಳ ಮೂಲ ಪ್ರತಿ ನನ್ನಲ್ಲಿವೆ, ಕೇಳಿದಾಗ ಹಾಜರುಪಡಿಸಲಾಗುವುದು.